ರ‍್ಯಾಪ್ ಆಲ್ಬಂನ ಕ್ರೆಡಿಟ್: ಯಾರ ಹೆಸರು, ಎಲ್ಲಿ, ಎಷ್ಟು ಪಾಲು

1979ರಲ್ಲಿ ಬಂದ ‘ರ‍್ಯಾಪರ್ಸ್ ಡಿಲೈಟ್’ ಹಿಪ್‌ಹಾಪ್‌ನ ಮೊದಲ ದೊಡ್ಡ ಹಿಟ್. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬ ರ‍್ಯಾಪರ್ ತನ್ನ ಸರದಿ ಬಂದಾಗ ಒಂದು ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುತ್ತಾನೆ: ಕ್ಯಾಸನೋವಾ ಫ್ಲೈ. ಅದು ಅವನ ಹೆಸರಲ್ಲ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನ ರ‍್ಯಾಪರ್ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಇಟ್ಟುಕೊಂಡಿದ್ದ ಹೆಸರು. ಕ್ಯಾಜ್ ಬರೆದ ಸಾಲುಗಳನ್ನು ಹ್ಯಾಂಕ್ ಹಾಗ್ಹಾಗೇ ಎತ್ತಿಕೊಂಡು ಹೋಗಿ ಸ್ಟುಡಿಯೋದಲ್ಲಿ ಹೇಳಿಬಿಟ್ಟ. ಹೆಸರನ್ನೂ ಬದಲಾಯಿಸಲಿಲ್ಲ. ಹಾಡಿನೊಳಗೆ ಕ್ಯಾಜ್ ಇದ್ದಾನೆ, ಕ್ರೆಡಿಟ್‌ನಲ್ಲಿ ಇಲ್ಲ. ದುಡ್ಡೂ ಬರಲಿಲ್ಲ.

ಅದೇ ಹಾಡಿನ ಬೇಸ್ ಲೈನ್ ಶಿಕ್ ಬ್ಯಾಂಡ್‌ನ ‘ಗುಡ್ ಟೈಮ್ಸ್’ನಿಂದ ಬಂದದ್ದು. ಅದನ್ನು ಬರೆದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕೇಸ್ ಹಾಕುತ್ತೇವೆ ಅಂದರು, ತಮ್ಮ ಹೆಸರು ಸೇರಿಸಿಕೊಂಡರು. ಅವರ ಹಾಡು ಅವರ ಹೆಸರಲ್ಲಿ ಮೊದಲೇ ದಾಖಲಾಗಿತ್ತು. ಕ್ಯಾಜ್ ಹತ್ತಿರ ಇದ್ದದ್ದು ಒಂದು ನೋಟ್‌ಬುಕ್. ಅದನ್ನೂ ನಂಬಿಕೆ ಮೇಲೆ ಹ್ಯಾಂಕ್ ಕೈಗೆ ಕೊಟ್ಟಿದ್ದ.

ಕನ್ನಡದಲ್ಲಿ ರ‍್ಯಾಪ್ ಮಾಡುವ ಹುಡುಗರು ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲ ಕಡೆ ಇದ್ದಾರೆ. ಜಾಸ್ತಿ ಜನ ಸ್ನೇಹಿತರ ಜೊತೆ ಸೇರಿ, ಬಾಯಿಮಾತಿನಲ್ಲೇ ಕೆಲಸ ಮಾಡುತ್ತಾರೆ. ಹಾಡು ಓಡದಿದ್ದರೆ ತೊಂದರೆ ಇಲ್ಲ. ಓಡಿದಾಗಲೇ ಜಗಳ ಶುರುವಾಗುವುದು. ಮೊದಲ ಇಪಿ (ಕೆಲವೇ ಹಾಡುಗಳ ಚಿಕ್ಕ ಆಲ್ಬಂ) ಅಥವಾ ಆಲ್ಬಂ ತರಲು ಹೊರಟವರಿಗಾಗಿ ಈ ಲೇಖನ. ನಾನು ಪದೇ ಪದೇ ಹೇಳುವುದು ಒಂದೇ: ಕ್ರೆಡಿಟ್ ಅನ್ನೋದು ರಿಲೀಸ್ ದಿನದ ಕೆಲಸ ಅಲ್ಲ, ಹಾಡು ಹುಟ್ಟಿದ ದಿನದ ಕೆಲಸ.

ಮೊದಲು: ಒಂದು ಹಾಡು, ಎರಡು ಆಸ್ತಿ

ಇದು ತಲೆಗೆ ಹೋಗದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಒಂದು ಟ್ರ್ಯಾಕ್‌ನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ. ಮೊದಲನೆಯದು ಹಾಡು, ಅಂದರೆ ಸಾಹಿತ್ಯ ಮತ್ತು ಸಂಗೀತ. ಎರಡನೆಯದು ಮಾಸ್ಟರ್, ಅಂದರೆ ಆ ಹಾಡಿನ ಒಂದು ನಿರ್ದಿಷ್ಟ ರೆಕಾರ್ಡಿಂಗ್. ಹಾಡನ್ನು ಬರೆದವರು ಒಬ್ಬರಿರಬಹುದು, ರೆಕಾರ್ಡಿಂಗ್‌ನ ಮಾಲೀಕರು ಇನ್ನೊಬ್ಬರಿರಬಹುದು. ದುಡ್ಡೂ ಎರಡು ದಾರಿಯಲ್ಲಿ ಬರುತ್ತದೆ.

ಒಳ್ಳೆಯ ಉದಾಹರಣೆ ಪಫ್ ಡ್ಯಾಡಿಯ 1997ರ ‘ಐಲ್ ಬಿ ಮಿಸ್ಸಿಂಗ್ ಯೂ’. ಅದರಲ್ಲಿ ಕೇಳಿಸುವ ಗಿಟಾರ್ ‘ದಿ ಪೊಲೀಸ್’ ಬ್ಯಾಂಡ್‌ನ 1983ರ ‘ಎವ್ರಿ ಬ್ರೆತ್ ಯೂ ಟೇಕ್’ನದು. ನುಡಿಸಿದವರು ಆ್ಯಂಡಿ ಸಮ್ಮರ್ಸ್. ಆದರೆ ಮೂಲ ಹಾಡಿನ ಲೇಖಕ ಅಂತ ಇರುವುದು ಸ್ಟಿಂಗ್ ಒಬ್ಬರ ಹೆಸರು. ಹಾಗಾಗಿ ಹೊಸ ಹಾಡಿನ ಲೇಖಕರ ಪಟ್ಟಿಗೆ ಬಂದದ್ದೂ ಸ್ಟಿಂಗ್. ಕಿವಿಗೆ ಬೀಳುವ ಬೆರಳು ಒಬ್ಬರದು, ರಾಯಲ್ಟಿ ಚೆಕ್ ಇನ್ನೊಬ್ಬರದು. ಉಳುವವರು ಯಾರೇ ಇರಲಿ, ಪಹಣಿಯಲ್ಲಿ ಯಾರ ಹೆಸರಿದೆ ಅನ್ನುವುದೇ ಲೆಕ್ಕಕ್ಕೆ ಬರುತ್ತದಲ್ಲ, ಹಾಗೆ.

ಡ್ರಮ್ಮರ್‌ಗಳ ಪಾಡು ಇನ್ನೂ ಕಷ್ಟ. 1969ರ ‘ಅಮೆನ್, ಬ್ರದರ್’ ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ಕೆಲವೇ ಸೆಕೆಂಡುಗಳ ಬ್ರೇಕ್ (ಡ್ರಮ್ ಮಾತ್ರ ಕೇಳಿಸುವ ತುಣುಕು) ಸಾವಿರಾರು ಹಾಡುಗಳಲ್ಲಿದೆ. ಅವರು 2006ರಲ್ಲಿ ತೀರಿಕೊಂಡರು, ಅದರಿಂದ ರಾಯಲ್ಟಿ ಅಂತ ಏನೂ ಬಂದಿರಲಿಲ್ಲ.

ಆಮೇಲೆ: ಬೇರೆಯವರ ಕ್ರೆಡಿಟ್ ಓದಿ

ಬರೆಯುವ ಮೊದಲು ಓದುವುದು ಕಲಿಯಿರಿ. ನಿಮಗಿಷ್ಟವಾದ ನಾಲ್ಕೈದು ಆಲ್ಬಂ ತೆಗೆದುಕೊಳ್ಳಿ. ಸಿಡಿ ಇದ್ದರೆ ಒಳಗಿನ ಪುಸ್ತಿಕೆ ನೋಡಿ. ಇಲ್ಲದಿದ್ದರೆ ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ಕ್ರೆಡಿಟ್ ಸಿಗುತ್ತದೆ. ಟೈಡಲ್‌ನಲ್ಲಿ ವಿವರ ಇನ್ನೂ ಜಾಸ್ತಿ.

ಮೊದಲು ಕಣ್ಣಿಗೆ ಬೀಳುವುದು ಅಪರಿಚಿತ ಹೆಸರುಗಳು. ಎಸ್. ಕಾರ್ಟರ್ ಅಂದರೆ ಜೇ-ಝೀ. ಕೆ. ಡಕ್‌ವರ್ತ್ ಅಂದರೆ ಕೆಂಡ್ರಿಕ್ ಲಮಾರ್. ಎ. ಯಂಗ್ ಅಂದರೆ ಡಾಕ್ಟರ್ ಡ್ರೆ. ಲೇಖಕರ ಸಾಲಿನಲ್ಲಿ ದಾಖಲೆಯ ಹೆಸರು, ಪ್ರೊಡ್ಯೂಸರ್ ಸಾಲಿನಲ್ಲಿ ಸ್ಟೇಜ್ ಹೆಸರು: ಇದು ರೂಢಿ. ರಾಯಲ್ಟಿ ಹೋಗುವುದು ಬ್ಯಾಂಕ್ ಖಾತೆಗೆ, ಬ್ಯಾಂಕ್‌ಗೆ ಸ್ಟೇಜ್ ಹೆಸರು ಗೊತ್ತಿರುವುದಿಲ್ಲ ಅಲ್ವಾ.

ಓದುವ ಅಭ್ಯಾಸ ಇದ್ದರೆ ಗಾಸಿಪ್‌ಗಿಂತ ಮುಂಚೆ ಸುದ್ದಿ ಸಿಗುತ್ತದೆ. 2015ರ ಜುಲೈನಲ್ಲಿ ರ‍್ಯಾಪರ್ ಮೀಕ್ ಮಿಲ್, ಡ್ರೇಕ್ ತನ್ನ ಸಾಲುಗಳನ್ನು ತಾನೇ ಬರೆಯುವುದಿಲ್ಲ ಅಂತ ಗಲಾಟೆ ಎಬ್ಬಿಸಿದ. ಕ್ವೆಂಟಿನ್ ಮಿಲ್ಲರ್ ಹೆಸರು ಎಲ್ಲ ಕಡೆ ಓಡಾಡಿತು. ಆ ವರ್ಷದ ಫೆಬ್ರವರಿಯಲ್ಲಿ ಬಂದಿದ್ದ ಡ್ರೇಕ್ ಆಲ್ಬಂನ ಹಲವು ಹಾಡುಗಳಲ್ಲಿ ಮಿಲ್ಲರ್ ಸಹಲೇಖಕ ಅಂತ ಆಗಲೇ ನಮೂದಾಗಿತ್ತು. ಮುಚ್ಚಿಟ್ಟದ್ದು ಅಂತ ಜನ ಅಂದುಕೊಂಡದ್ದು ಅಚ್ಚಿನಲ್ಲೇ ಇತ್ತು. ಬರೆಯಲು ಸಹಾಯ ತೆಗೆದುಕೊಳ್ಳುವುದು ರ‍್ಯಾಪ್‌ನಲ್ಲಿ ಮರ್ಯಾದೆ ಪ್ರಶ್ನೆ, ಒಪ್ಪುತ್ತೇನೆ. ಆದರೆ ಹೆಸರು ಹಾಕಿ ಬೈಸಿಕೊಳ್ಳುವುದೇ ವಾಸಿ.

ಯಾರು ಲೇಖಕರು, ಯಾರು ಅಲ್ಲ

ರ‍್ಯಾಪ್ ಸಾಲು ಬರೆದವರು ಲೇಖಕರು. ಇದರಲ್ಲಿ ತಕರಾರಿಲ್ಲ. ಹುಕ್, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ಬರೆದವರೂ ಲೇಖಕರು. ಹುಕ್ ಹಾಡಿದವರು ಬೇರೆ, ಬರೆದವರು ಬೇರೆ ಆಗಿದ್ದರೆ ಹಾಡಿದವರು ಗಾಯಕರು ಮಾತ್ರ.

ಬೀಟ್ ಮಾಡಿದವರು? ಹಿಪ್‌ಹಾಪ್‌ನಲ್ಲಿ ಬೀಟ್ ಅಂದರೆ ಸಂಗೀತವೇ. ಮೆಲಡಿ, ಬೇಸ್, ಡ್ರಮ್ ಎಲ್ಲ ಅದರಲ್ಲೇ ಇದೆ. ಹಾಗಾಗಿ ಬೀಟ್ ಮಾಡಿದವರಿಗೆ ಎರಡು ಕಡೆ ಹೆಸರು ಬರಬೇಕು: ಸಂಗೀತ ಸಂಯೋಜಕರಾಗಿ ಒಂದು ಸಲ, ಪ್ರೊಡ್ಯೂಸರ್ ಆಗಿ ಇನ್ನೊಂದು ಸಲ. ನಮ್ಮಲ್ಲಿ ಎಷ್ಟೋ ಟ್ರ್ಯಾಕ್‌ಗಳಲ್ಲಿ ಸುಮ್ನೆ ‘ಪ್ರೊಡ್ಯೂಸ್ಡ್ ಬೈ’ ಅಂತ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಆ ಒಂದು ಸಾಲಿನಿಂದ ಬೀಟ್ ಮಾಡಿದ ಹುಡುಗನಿಗೆ ಹಾಡಿನ ರಾಯಲ್ಟಿ ಒಂದು ಪೈಸೆಯೂ ತಾನಾಗಿ ಬರುವುದಿಲ್ಲ.

ಇಲ್ಲೇ ಇನ್ನೊಂದು ಗುಂಡಿ ಇದೆ. ಭಾರತದ ಕಾಪಿರೈಟ್ ಕಾಯ್ದೆಯಲ್ಲಿ ಪ್ರೊಡ್ಯೂಸರ್ ಅಂದರೆ ರೆಕಾರ್ಡಿಂಗ್ ಮಾಡಿಸಲು ಮುಂದಾಗಿ ಅದರ ಹೊಣೆ ಹೊತ್ತವರು. ಸಿನಿಮಾ ನಿರ್ಮಾಪಕರ ಥರ. ಕಾಯ್ದೆಯ ಕಣ್ಣಲ್ಲಿ ಮಾಸ್ಟರ್‌ನ ಕರ್ತೃವೇ ಅವರು. ನೀವು ದುಡ್ಡು ಹಾಕಿ ಸ್ಟುಡಿಯೋ ಬುಕ್ ಮಾಡಿ, ಕಾಗದದಲ್ಲಿ ಮಾತ್ರ ಬೀಟ್ ಮಾಡಿದವರನ್ನು ‘ಪ್ರೊಡ್ಯೂಸರ್’ ಅಂತ ಬರೆದರೆ, ಮಾಸ್ಟರ್ ತಮ್ಮದು ಅಂತ ವಾದ ಹೂಡಲು ಅವರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಒಪ್ಪಂದದಲ್ಲಿ ‘ಸಂಗೀತ ಸಂಯೋಜನೆ ಇವರದು’, ‘ಮಾಸ್ಟರ್ ಇವರದು’ ಅಂತ ಬಿಡಿಸಿ ಬರೆಯಿರಿ.

ಮಿಕ್ಸಿಂಗ್, ಮಾಸ್ಟರಿಂಗ್, ರೆಕಾರ್ಡಿಂಗ್ ಎಂಜಿನಿಯರ್‌ಗಳಿಗೆ ಹೆಸರು ಬರಬೇಕು, ಸಂಭಾವನೆ ಬರಬೇಕು. ಆದರೆ ಅವರು ಲೇಖಕರಲ್ಲ. ಹೊರಗಿನಿಂದ ಬಂದು ತಮಟೆ, ಕೊಳಲು ನುಡಿಸಿದವರು ನೀವು ಹೇಳಿದ್ದನ್ನು ನುಡಿಸಿದ್ದರೆ ವಾದ್ಯಗಾರರು. ಹಾಡಿನ ಗುರುತಾಗಿ ನಿಲ್ಲುವ ಒಂದು ಧಾಟಿಯನ್ನು ಅವರೇ ಹುಟ್ಟಿಸಿದ್ದರೆ ಪಾಲು ಕೊಡಿ. ಪಕ್ಕದಲ್ಲಿ ಕೂತು ಒಂದು ಪ್ರಾಸ ಹೇಳಿಕೊಟ್ಟ ಗೆಳೆಯ? ಥ್ಯಾಂಕ್ಸ್ ಪಟ್ಟಿಯಲ್ಲಿ ಹೆಸರು ಸಾಕು ಅಂತ ನನ್ನ ಅಭಿಪ್ರಾಯ. ಆದರೆ ಆ ಪ್ರಾಸವೇ ಹುಕ್ ಆಗಿಬಿಟ್ಟಿದ್ದರೆ ಸಾಕಾಗುವುದಿಲ್ಲ.

‘ಕೋ-ಪ್ರೊಡ್ಯೂಸರ್’ ಮತ್ತು ‘ಅಡಿಷನಲ್ ಪ್ರೊಡಕ್ಷನ್’ ಬಗ್ಗೆ ಒಂದು ಮಾತು. ಬೀಟ್‌ನ ಮೂಲದಲ್ಲಿ ಕೈಯಿದ್ದವರು ಕೋ-ಪ್ರೊಡ್ಯೂಸರ್. ಆದ ಬೀಟ್ ಮೇಲೆ ಡ್ರಮ್ ಬದಲಿಸಿದವರು, ಸಿಂಥ್ ಸೇರಿಸಿದವರು ಅಡಿಷನಲ್. ಎರಡನೆಯದಕ್ಕೆ ಲೇಖಕರ ಪಾಲು ಇರಬೇಕೆಂದೇನಿಲ್ಲ, ಮಾತಾಡಿಕೊಂಡರೆ ಆಯಿತು.

ಮುಖ್ಯ ಕಲಾವಿದರ ಸಾಲಿನಲ್ಲೇ ಪ್ರೊಡ್ಯೂಸರ್ ಹೆಸರು ಹಾಕುವುದೂ ಉಂಟು. ಎರಿಕ್ ಬಿ. ಮತ್ತು ರಾಕಿಮ್ ಕಾಲದಿಂದ ಇರುವ ಪದ್ಧತಿ. ಬೆಂಗಳೂರಿನಲ್ಲಿ ಹೆಸರು ಮಾಡಿದ ಹನುಮಾನ್‌ಕೈಂಡ್‌ನ 2024ರ ‘ಬಿಗ್ ಡಾಗ್ಸ್’ ನೋಡಿ, ಪಕ್ಕದಲ್ಲೇ ಪ್ರೊಡ್ಯೂಸರ್ ಕಲ್ಮಿ ಹೆಸರಿದೆ. ಹಾಗೆ ಹಾಕಿದರೆ ಹಾಡು ಇಬ್ಬರ ಪ್ರೊಫೈಲ್‌ನಲ್ಲೂ ಕಾಣಿಸುತ್ತದೆ. ಬೀಟ್ ಮಾಡುವವರಿಗೆ ಕೊಡಲು ದುಡ್ಡು ಕಡಿಮೆ ಇದ್ದಾಗ ಇದು ನ್ಯಾಯವಾದ ದಾರಿ.

ಸ್ಪ್ಲಿಟ್ ಶೀಟ್: ಸ್ಟುಡಿಯೋ ಬಿಡುವ ಮೊದಲು

ಸ್ಪ್ಲಿಟ್ ಶೀಟ್ ಅಂದರೆ ಒಂದು ಹಾಳೆ. ಹಾಡಿನ ಹೆಸರು, ತಾರೀಖು, ಬರೆದವರ ಪೂರ್ಣ ಹೆಸರು, ಸ್ಟೇಜ್ ಹೆಸರು, ಏನು ಬರೆದರು, ಎಷ್ಟು ಪಾಲು, ಐಪಿಆರ್‌ಎಸ್ (ಸಾಹಿತ್ಯ, ಸಂಗೀತದ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಿದ್ದರೆ ಅವರನ್ನು ಗುರುತಿಸುವ ಐಪಿಐ ಸಂಖ್ಯೆ, ಸಹಿ. ಹಾಡಿಗೊಂದು ಹಾಳೆ, ಆಲ್ಬಂಗೊಂದು ಅಲ್ಲ. ಎಲ್ಲರೂ ಸಹಿ ಮಾಡಿದ ಮೇಲೆ ಫೋಟೋ ತೆಗೆದು ಎಲ್ಲರಿಗೂ ಮೇಲ್ ಮಾಡಿ. ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ‘ಓಕೆ ಮಗಾ’ ಅಂದದ್ದು ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಅದನ್ನೇ ನಂಬಿಕೊಳ್ಳಬೇಡಿ.

ಪಾಲು ಹೇಗೆ? ಅಮೆರಿಕದ ಹಿಪ್‌ಹಾಪ್‌ನಲ್ಲಿ ರೂಢಿ ಸರಳ: ಸಂಗೀತಕ್ಕೆ ಅರ್ಧ, ಸಾಹಿತ್ಯಕ್ಕೆ ಅರ್ಧ. ಒಬ್ಬ ರ‍್ಯಾಪರ್, ಹುಕ್ ಬರೆದ ಒಬ್ಬ ಗಾಯಕಿ, ಬೀಟ್ ಮಾಡಿದ ಒಬ್ಬ ಇದ್ದಾರೆ ಅಂದುಕೊಳ್ಳಿ. ಬೀಟ್‌ಗೆ ಶೇ 50. ಉಳಿದ 50ರಲ್ಲಿ ರ‍್ಯಾಪರ್‌ಗೆ 30, ಗಾಯಕಿಗೆ 20. ಹುಕ್ ಚಿಕ್ಕದು, ಆದರೂ 20 ಯಾಕೆ? ಜನ ಗುನುಗುವುದು ಅದನ್ನೇ. ಸಾಲುಗಳನ್ನು ಎಣಿಸಿ ಪಾಲು ಹಾಕುವವರ ಜೊತೆ ಕೆಲಸ ಮಾಡುವುದು ಕಷ್ಟ, ಈಗಲೇ ಹೇಳಿಬಿಡುತ್ತೇನೆ.

ಈಗ ಆ ಬೀಟ್‌ನಲ್ಲಿ ಹಳೆಯ ಹಾಡೊಂದರ ತುಣುಕು, ಅಂದರೆ ಸ್ಯಾಂಪಲ್, ಇದೆ ಅಂದುಕೊಳ್ಳಿ. ಅದರ ಮಾಲೀಕರು ಹೊಸ ಹಾಡಿನಲ್ಲಿ ಶೇ 40 ಕೇಳಿದರು. ಉಳಿಯುವುದು 60. ಅದನ್ನು ಮೊದಲಿನ ಅನುಪಾತದಲ್ಲೇ ಹಂಚಿದರೆ ಬೀಟ್‌ಗೆ 30, ರ‍್ಯಾಪರ್‌ಗೆ 18, ಗಾಯಕಿಗೆ 12. ಆದರೆ ಗಾಯಕಿ ಕೇಳಬಹುದು: ಸ್ಯಾಂಪಲ್ ತಂದದ್ದು ಅವನು, ನನ್ನ ಪಾಲು ಯಾಕೆ ಕಡಿಮೆ? ನ್ಯಾಯವಾದ ಪ್ರಶ್ನೆ. ಆ 40 ಪೂರ್ತಿ ಬೀಟ್‌ನ ಅರ್ಧದಿಂದಲೇ ಹೋಗಬೇಕು ಅಂತಲೂ ಒಪ್ಪಂದ ಮಾಡಿಕೊಳ್ಳಬಹುದು. ಆಗ ಬೀಟ್ ಮಾಡಿದವನಿಗೆ ಉಳಿಯುವುದು 10 ಮಾತ್ರ. ಯಾವುದು ಸರಿ ಅನ್ನುವುದಕ್ಕೆ ಕಾನೂನಿನ ಉತ್ತರ ಇಲ್ಲ. ಸ್ಯಾಂಪಲ್ ಬಳಸುವ ಮೊದಲೇ ಈ ಸಾಲನ್ನು ಹಾಳೆಯಲ್ಲಿ ಬರೆದಿಡಿ.

ಮಾಸ್ಟರ್‌ನ ಪಾಲಿಗೆ ಬೇರೆ ಹಾಳೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಆಮೇಲೆ ಯಾರಿಗೂ ಅರ್ಥವಾಗುವುದಿಲ್ಲ.

ಇಂಟರ್‌ನೆಟ್‌ನಲ್ಲಿ ಕೊಂಡ ಬೀಟ್

ಲಿಲ್ ನ್ಯಾಸ್ ಎಕ್ಸ್ 30 ಡಾಲರ್‌ಗೆ ಒಂದು ಬೀಟ್ ಕೊಂಡ. ಮಾಡಿದವನು ನೆದರ್‌ಲ್ಯಾಂಡ್ಸ್‌ನ ಹದಿಹರೆಯದ ಹುಡುಗ ಯಂಗ್‌ಕಿಯೊ. ಅದರಲ್ಲಿ ನೈನ್ ಇಂಚ್ ನೇಲ್ಸ್ ಬ್ಯಾಂಡ್‌ನ 2008ರ ಒಂದು ತುಣುಕು ಸ್ಯಾಂಪಲ್ ಆಗಿತ್ತು. ಆ ಹಾಡೇ ‘ಓಲ್ಡ್ ಟೌನ್ ರೋಡ್’. 2019ರಲ್ಲಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತು. ಟ್ರೆಂಟ್ ರೆಜ್ನರ್ ಮತ್ತು ಆ್ಯಟಿಕಸ್ ರಾಸ್ ಹೆಸರು ಲೇಖಕರ ಸಾಲಿಗೂ ಪ್ರೊಡ್ಯೂಸರ್ ಸಾಲಿಗೂ ಬಂತು. ಬೀಟ್ ಕೊಂಡಾಗ ಅದರೊಳಗೆ ಏನಿದೆ ಅಂತ ಕೇಳದಿದ್ದರೆ ಹೀಗಾಗುತ್ತದೆ. ಅವರಿಗೆ ಚೆನ್ನಾಗಿ ಮುಗಿಯಿತು, ಎಲ್ಲರಿಗೂ ಹಾಗಾಗುವುದಿಲ್ಲ.

ಹಾಗಾಗಿ ಲೈಸೆನ್ಸ್ ಪೂರ್ತಿ ಓದಿ. ಲೀಸ್ ಅಂದರೆ ಬಾಡಿಗೆ, ಖರೀದಿ ಅಲ್ಲ. ಇಷ್ಟು ಸ್ಟ್ರೀಮ್ ದಾಟಿದರೆ ಹೊಸ ಲೈಸೆನ್ಸ್ ಬೇಕು ಅಂತ ಇರುತ್ತದೆ. ಲೇಖಕರ ಪಾಲಿನಲ್ಲಿ ಅರ್ಧ ಬೀಟ್ ಮಾಡಿದವರಿಗೆ ಅಂತಲೂ ಹಲವು ಲೈಸೆನ್ಸ್‌ಗಳಲ್ಲಿ ಇರುತ್ತದೆ, ಕ್ರೆಡಿಟ್‌ನಲ್ಲಿ ಹೆಸರು ಹೇಗೆ ಬರಬೇಕು ಅನ್ನುವುದೂ ಇರುತ್ತದೆ. ಅದನ್ನೇ ನಕಲು ಮಾಡಿ ಹಾಕಿ. ಮತ್ತೊಂದು: ಲೀಸ್ ಬೀಟ್ ಮೇಲಿನ ಹಾಡನ್ನು ಯೂಟ್ಯೂಬ್ ಕಂಟೆಂಟ್ ಐಡಿಗೆ (ಹಾಡು ಬಳಸಿದ ವಿಡಿಯೋಗಳನ್ನು ತಾನಾಗಿ ಗುರುತಿಸುವ ವ್ಯವಸ್ಥೆ) ಸೇರಿಸಬೇಡಿ. ಅದೇ ಬೀಟ್ ಬಾಡಿಗೆ ಪಡೆದ ಇನ್ನೊಬ್ಬರ ವಿಡಿಯೋಗೆ ನಿಮ್ಮ ಹೆಸರಲ್ಲಿ ಕ್ಲೇಮ್ ಬೀಳುತ್ತದೆ, ತಪ್ಪು ಅವರದಲ್ಲದಿದ್ದರೂ.

ಸಂಗೀತದ ತುಣುಕುಗಳನ್ನು ಕೊಡುವ ಸ್ಪ್ಲೈಸ್‌ನಂಥ ಸೈಟ್‌ಗಳಿಂದ ತಂದ ರಾಯಲ್ಟಿ ಇಲ್ಲದ ಲೂಪ್‌ಗಳಿಗೆ ಹೆಸರು ಹಾಕಬೇಕಾಗಿಲ್ಲ.

ಸ್ಯಾಂಪಲ್ ಇದ್ದರೆ

1991ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ತೀರ್ಪು ಕೊಟ್ಟಿತು. ಗಿಲ್ಬರ್ಟ್ ಓ’ಸಲಿವನ್ ಹಾಡನ್ನು ಅನುಮತಿ ಇಲ್ಲದೆ ಸ್ಯಾಂಪಲ್ ಮಾಡಿದ್ದಕ್ಕೆ. ಕದಿಯಬೇಡ ಅನ್ನುವ ಬೈಬಲ್ ಮಾತಿನಿಂದಲೇ ಜಡ್ಜ್ ತೀರ್ಪು ಶುರು ಮಾಡಿದ್ದರು. ಅಲ್ಲಿಂದಾಚೆ ಅಮೆರಿಕದ ಆಲ್ಬಂಗಳ ಕ್ರೆಡಿಟ್ ಉದ್ದವಾಯಿತು. 1989ರಲ್ಲಿ ಬಂದ ಡಿ ಲಾ ಸೋಲ್‌ನ ಮೊದಲ ಆಲ್ಬಂ ಸ್ಯಾಂಪಲ್ ಅನುಮತಿಗಳ ಗೋಜಲಿನಿಂದಾಗಿ ಸ್ಟ್ರೀಮಿಂಗ್‌ಗೆ ಬರುವಷ್ಟರಲ್ಲಿ 2023 ಆಗಿತ್ತು.

ನಮಗೆ ಹತ್ತಿರದ ಕೇಸ್ 2002ರದು. ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’, ರಾಕಿಮ್ ಜೊತೆ ಹಾಡಿದ್ದು, ಪ್ರೊಡ್ಯೂಸರ್ ಡಿಜೆ ಕ್ವಿಕ್. ಹಾಡಿನ ಉದ್ದಕ್ಕೂ ಲತಾ ಮಂಗೇಶ್ಕರ್ ದನಿ. 1981ರ ಹಿಂದಿ ಸಿನಿಮಾ ‘ಜ್ಯೋತಿ’ಗೆ ಬಪ್ಪಿ ಲಾಹಿರಿ ಮಾಡಿದ್ದ ‘ಥೋಡಾ ರೇಶಮ್ ಲಗ್ತಾ ಹೈ’ ಅದು. ಕ್ರೆಡಿಟ್‌ನಲ್ಲಿ ಲಾಹಿರಿ ಹೆಸರಿರಲಿಲ್ಲ. ಅವರೂ ಸರಿಗಮ ಕಂಪನಿಯೂ ಕೋರ್ಟ್‌ಗೆ ಹೋದರು. 2003ರಲ್ಲಿ ಲಾಸ್ ಏಂಜಲೀಸ್‌ನ ಫೆಡರಲ್ ಕೋರ್ಟ್ ಹೇಳಿದ್ದು ಇಷ್ಟು: ಲಾಹಿರಿ ಹೆಸರು ಹಾಕದೆ ಸಿಡಿ ಮಾರುವಂತಿಲ್ಲ. ದುಡ್ಡಿನ ಲೆಕ್ಕ ಇತ್ಯರ್ಥವಾಗುವ ಮೊದಲೇ ಒಂದು ಹೆಸರಿನ ಸಾಲು ಅಂಗಡಿಯ ಮಾರಾಟವನ್ನೇ ಹಿಡಿದು ನಿಲ್ಲಿಸಿತು.

ಹಳೆಯ ರೆಕಾರ್ಡಿಂಗ್ ಅನ್ನೇ ಕತ್ತರಿಸಿ ಬಳಸಿದರೆ ಅದು ಸ್ಯಾಂಪಲ್. ಎರಡು ಅನುಮತಿ ಬೇಕು, ಮಾಸ್ಟರ್ ಮಾಲೀಕರದು ಮತ್ತು ಹಾಡಿನ ಮಾಲೀಕರದು. ಅದೇ ಧಾಟಿಯನ್ನು ನೀವೇ ಹೊಸದಾಗಿ ನುಡಿಸಿ ಹಾಡಿದರೆ ಇಂಟರ್‌ಪೊಲೇಷನ್. ಮಾಸ್ಟರ್ ಅನುಮತಿ ಬೇಡ, ಹಾಡಿನದು ಬೇಕು. ಮುಂಚೆ ಹೇಳಿದ ‘ಗುಡ್ ಟೈಮ್ಸ್’ ಬೇಸ್ ಲೈನ್ ಎರಡನೇ ಜಾತಿ, ಅದನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದರು.

ಕನ್ನಡದಲ್ಲಿ ಯಾರನ್ನು ಕೇಳಿದರೂ ‘ಜಾನಪದ ತಾನೇ, ಫ್ರೀ’ ಅನ್ನುತ್ತಾರೆ. ಪೂರ್ತಿ ನಿಜವಲ್ಲ. ಭಾರತದಲ್ಲಿ ಸಾಹಿತ್ಯ ಮತ್ತು ಸಂಗೀತದ ಕಾಪಿರೈಟ್ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ರೆಕಾರ್ಡಿಂಗ್‌ಗೆ ಪ್ರಕಟವಾದ ಮರುವರ್ಷದಿಂದ 60. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳ ಮಾತು ಯಾರ ಸ್ವತ್ತೂ ಅಲ್ಲ. ಆದರೆ ನಿಮ್ಮ ಕಿವಿಯಲ್ಲಿರುವ ಧಾಟಿ ಸಿ. ಅಶ್ವತ್ಥ್ ಅವರದಾಗಿದ್ದರೆ? ಅವರು ತೀರಿಕೊಂಡದ್ದು 2009ರಲ್ಲಿ, ಆ ರಾಗಸಂಯೋಜನೆ 2069ರ ಕೊನೆಯವರೆಗೂ ಕಾಪಿರೈಟ್‌ನಲ್ಲಿರುತ್ತದೆ. ಕ್ಯಾಸೆಟ್‌ನ ದನಿ ಕತ್ತರಿಸಿದರೆ ಕ್ಯಾಸೆಟ್ ಕಂಪನಿಯೂ ಬರುತ್ತದೆ. ಮಾತು ಮಾತ್ರ ತೆಗೆದುಕೊಂಡು ನಿಮ್ಮದೇ ಲಯದಲ್ಲಿ ಹೇಳಿದರೆ ಯಾರನ್ನೂ ಕೇಳಬೇಕಿಲ್ಲ, ಆದರೂ ‘ಸಾಹಿತ್ಯ: ಶಿಶುನಾಳ ಶರೀಫ’ ಅಂತ ಹಾಕಬೇಕು. ವಚನಗಳಿಗೂ ದಾಸರ ಪದಗಳಿಗೂ ಇದೇ ನಿಯಮ. ಬೇಂದ್ರೆಯವರದು ಬೇರೆ ಲೆಕ್ಕ: 1981ರಲ್ಲಿ ಹೋದರು, ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 2054ರ ಕೊನೆಯವರೆಗೆ.

ಹಳ್ಳಿಯ ಹಾಡುಗಾರ್ತಿಯೊಬ್ಬರ ದನಿಯನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಬೀಟ್‌ಗೆ ಹಾಕಿದರೆ? ಹಾಡು ಯಾರದೂ ಅಲ್ಲದಿರಬಹುದು, ದನಿ ಅವರದೇ. ಹಾಡುವವರಿಗೂ ಕಾಯ್ದೆಯಲ್ಲಿ ಹಕ್ಕಿದೆ, ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕೂ ಸೇರಿ. ಹೆಸರು ಹಾಕಿ, ಊರಿನ ಹೆಸರೂ ಹಾಕಬಹುದೇ ಅಂತ ಕೇಳಿ, ದುಡ್ಡು ಕೊಡಿ.

ಈಗ ಕ್ರೆಡಿಟ್ ಬರೆಯಿರಿ

ಪ್ರತಿ ಹಾಡಿಗೂ ಒಂದೇ ಕ್ರಮ ಇಟ್ಟುಕೊಳ್ಳಿ. ನಾನು ಮೆಚ್ಚುವ ಕ್ರಮ ಇದು:

ಸಾಹಿತ್ಯ: ರ‍್ಯಾಪರ್‌ನ ಪೂರ್ಣ ಹೆಸರು, ಹುಕ್ ಬರೆದವರ ಪೂರ್ಣ ಹೆಸರು
ಸಂಗೀತ: ಬೀಟ್ ಮಾಡಿದವರ ಪೂರ್ಣ ಹೆಸರು, ಮೂಲ ಹಾಡಿನ ಸಂಯೋಜಕರು
ಬೀಟ್ ಪ್ರೊಡಕ್ಷನ್: ಸ್ಟೇಜ್ ಹೆಸರು
ಹುಕ್ ಗಾಯನ, ವಾದ್ಯಗಳು: ಯಾರು, ಯಾವ ವಾದ್ಯ
ರೆಕಾರ್ಡಿಂಗ್: ಎಂಜಿನಿಯರ್, ಸ್ಟುಡಿಯೋ, ಊರು
ಮಿಕ್ಸಿಂಗ್, ಮಾಸ್ಟರಿಂಗ್: ಹೆಸರುಗಳು
ಸ್ಯಾಂಪಲ್: ಮೂಲ ಹಾಡು, ಹಾಡಿದವರು, ಬರೆದವರು, ಯಾರ ಅನುಮತಿಯಿಂದ

ಸ್ಯಾಂಪಲ್ ಸಾಲಿನ ಮಾತುಗಳನ್ನು ಸಾಮಾನ್ಯವಾಗಿ ಅನುಮತಿ ಕೊಟ್ಟವರೇ ಬರೆದುಕೊಡುತ್ತಾರೆ. ಒಂದು ಅಲ್ಪವಿರಾಮವನ್ನೂ ಬದಲಿಸಬೇಡಿ.

ಆಲ್ಬಂನ ಕೊನೆಯಲ್ಲಿ ಮಾಸ್ಟರ್ ಮಾಲೀಕರ ಹೆಸರು ಮತ್ತು ವರ್ಷ. ಕಾಪಿರೈಟ್ ಕಾಯ್ದೆಯ 52ಎ ಕಲಂ ಪ್ರಕಾರ ರೆಕಾರ್ಡಿಂಗ್ ಮೇಲೆ ಅದನ್ನು ಮಾಡಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇರಬೇಕು.

ಹೆಸರಿನ ಸ್ಪೆಲಿಂಗ್ ಎಲ್ಲ ಕಡೆ ಒಂದೇ ಇರಲಿ. ಒಂದು ಹಾಡಿನಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಊರಿನ ಹೆಸರು ಸೇರಿಸಿ ಬರೆದರೆ ಕಂಪ್ಯೂಟರ್‌ಗೆ ಅವರು ಮೂವರು ಬೇರೆ ಬೇರೆ ಜನ. ಇನಿಷಿಯಲ್‌ಗಳ ನಾಡಿನಲ್ಲಿ ಹುಟ್ಟಿದವರಿಗೆ ಈ ತೊಂದರೆ ಜಾಸ್ತಿ. ಪ್ರತಿಯೊಬ್ಬರಿಂದ ಅವರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಅವರ ಕೈಯಲ್ಲೇ ಟೈಪ್ ಮಾಡಿಸಿ ತರಿಸಿಕೊಳ್ಳಿ.

ಅಪ್‌ಲೋಡ್ ಮತ್ತು ನೋಂದಣಿ

ಡಿಸ್ಟ್ರಿಬ್ಯೂಟರ್‌ಗೆ, ಅಂದರೆ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿಗೆ, ಹಾಡು ಏರಿಸುವಾಗ ಬರುವ ಫಾರ್ಮ್‌ನಲ್ಲಿ ಲೇಖಕರ ಹೆಸರಿಗೆ ಜಾಗ ಇರುತ್ತದೆ. ಅಲ್ಲಿ ಅವಸರ ಬೇಡ. ಅಲ್ಲಿ ತುಂಬಿದ್ದೇ ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್‌ಗೆ ಹೋಗುವುದು. ಪ್ರತಿ ರೆಕಾರ್ಡಿಂಗ್‌ಗೂ 12 ಅಕ್ಷರ-ಅಂಕಿಗಳ ಒಂದು ಐಎಸ್‌ಆರ್‌ಸಿ ಸಿಗುತ್ತದೆ. ಅದನ್ನು ಸ್ಪ್ಲಿಟ್ ಶೀಟ್ ಮೇಲೆ ಬರೆದಿಟ್ಟುಕೊಳ್ಳಿ.

ಡಿಸ್ಟ್ರಿಬ್ಯೂಟರ್ ತಂದುಕೊಡುವುದು ಮಾಸ್ಟರ್‌ನ ದುಡ್ಡು. ಸಾಹಿತ್ಯ, ಸಂಗೀತದ ರಾಯಲ್ಟಿಗೆ ಐಪಿಆರ್‌ಎಸ್ ಸದಸ್ಯರಾಗಬೇಕು. 1969ರಲ್ಲಿ ಶುರುವಾದ ಮುಂಬೈನ ಸಂಸ್ಥೆ ಅದು. ಸದಸ್ಯರಾದರೆ ಸಾಲದು, ಪ್ರತಿ ಹಾಡನ್ನೂ ಪಾಲು ಸಮೇತ ನೋಂದಾಯಿಸಬೇಕು. ಒಬ್ಬರು ತಮಗೆ 60 ಅಂತ, ಇನ್ನೊಬ್ಬರು ತಮಗೆ 50 ಅಂತ ಹಾಕಿದರೆ ಒಟ್ಟು 110 ಆಗುತ್ತದೆ, ತಕರಾರು ಮುಗಿಯುವ ತನಕ ದುಡ್ಡು ಅಲ್ಲೇ ನಿಲ್ಲುತ್ತದೆ. ಸಹಿ ಮಾಡಿದ ಹಾಳೆ ಕೆಲಸಕ್ಕೆ ಬರುವುದು ಆಗ.

ಯಾರಾದರೂ ‘ಇಷ್ಟು ಸಾವಿರ ತಗೋ, ರಾಯಲ್ಟಿ ಎಲ್ಲ ನಮಗೆ ಬಿಟ್ಟುಕೊಡು’ ಅಂತ ಕಾಗದ ಮುಂದಿಟ್ಟರೆ ಒಂದು ವಿಷಯ ನೆನಪಿರಲಿ. 2012ರ ತಿದ್ದುಪಡಿ ಪ್ರಕಾರ ಸಾಹಿತ್ಯ ಮತ್ತು ಸಂಗೀತ ಬರೆದವರು ತಮ್ಮ ರಾಯಲ್ಟಿ ಪಾಲನ್ನು ವಾರಸುದಾರರಿಗೆ ಅಥವಾ ಐಪಿಆರ್‌ಎಸ್‌ನಂಥ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬಿಟ್ಟುಕೊಡಲು ಬರುವುದಿಲ್ಲ. ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಇದನ್ನು ಹೇಳಿದರೆ ಎಷ್ಟೋ ಸಲ ಮಾತಿನ ಧಾಟಿಯೇ ಬದಲಾಗುತ್ತದೆ. ದೊಡ್ಡ ಮೊತ್ತ ಇದ್ದರೆ ವಕೀಲರಿಗೆ ತೋರಿಸಿ.

ರಿಲೀಸ್ ಆದ ಮೇಲೆ ಒಂದು ಹೆಸರು ಬಿಟ್ಟುಹೋಗಿದೆ ಅಂತ ಗೊತ್ತಾದರೆ ಮೊದಲು ಅವರಿಗೆ ಫೋನ್ ಮಾಡಿ, ಅವರು ಸ್ಟೋರಿ ಹಾಕುವ ಮುಂಚೆ. ಡಿಸ್ಟ್ರಿಬ್ಯೂಟರ್ ಖಾತೆಯಲ್ಲಿ ಕ್ರೆಡಿಟ್ ತಿದ್ದಬಹುದು, ಎಲ್ಲ ಆ್ಯಪ್‌ಗಳಲ್ಲಿ ಬದಲಾಗಲು ಕೆಲವು ದಿನ ಹಿಡಿಯುತ್ತದೆ. ಯೂಟ್ಯೂಬ್ ಡಿಸ್ಕ್ರಿಪ್ಷನ್ ಅನ್ನು ಅವತ್ತೇ ತಿದ್ದಿ. ಹಾಡನ್ನು ಇಳಿಸಿ ಮತ್ತೆ ಏರಿಸಲೇಬೇಕಾಗಿ ಬಂದರೆ ಹಳೆಯ ಐಎಸ್‌ಆರ್‌ಸಿಯನ್ನೇ ಕೊಡಿ. ಹೊಸದು ಕೊಟ್ಟರೆ ಸ್ಟ್ರೀಮ್ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ.